ಕಸಿಗೂ ಕೊಯ್ಲಿಗೂ ಮಡಚುವ ಚಾಕು: ಕೊಳ್ಳುವ ಮುನ್ನ



ಕಾರ್ಕಳದ ಕಡೆಯ ಮುರಕಲ್ಲು ಗುಡ್ಡಗಳಲ್ಲಿ ಗೇರಿನ ಕಸಿ ಕಟ್ಟುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಕೊಂಬೆ ಒಳ್ಳೆಯ ಮರದ್ದು, ಸಸಿಯೂ ಹದವಾಗಿತ್ತು, ಆದರೂ ಕಸಿ ಏಕೆ ಒಣಗಿತು?" ಗಾಳಿಯ ತೇವ, ಬಿಸಿಲು, ಕೊಂಬೆಯ ವಯಸ್ಸು ಎಂದು ಕಾರಣಗಳು ಹಲವು. ಆದರೆ ನಾನು ಮೊದಲು ಅವರ ಜೇಬಿನ ಚಾಕುವನ್ನು ಕೇಳಿ ಪಡೆಯುತ್ತೇನೆ. ಅರ್ಧ ಉತ್ತರ ಬಹಳ ಸಲ ಅದರ ಅಲಗಿನಲ್ಲೇ ಇರುತ್ತದೆ.

ಮೃದುಕಾಂಡ ಕಸಿಯಲ್ಲಿ ಸುಮಾರು 45ರಿಂದ 60 ದಿನಗಳ ಸಸಿಯ ತುದಿಯನ್ನು ಕತ್ತರಿಸಿ, ಕಾಂಡದ ನಡುವೆ 4ರಿಂದ 5 ಸೆಂ.ಮೀ. ಆಳಕ್ಕೆ ಸೀಳುತ್ತೇವೆ. ಕಸಿಕೊಂಬೆಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಬದಿಯಿಂದ ಬೆಣೆಯಂತೆ ಕೆತ್ತಿ ಆ ಸೀಳಿನೊಳಗೆ ಕೂರಿಸುತ್ತೇವೆ. ಸಿಪ್ಪೆಗೂ ಕಟ್ಟಿಗೆಗೂ ನಡುವೆ ಇರುವ ತೆಳುವಾದ ಬೆಳೆಯುವ ಪದರ ಎರಡರಲ್ಲೂ ಒಂದಕ್ಕೊಂದು ತಾಗಿದರೆ ಮಾತ್ರ ಕಸಿ ಹಿಡಿಯುತ್ತದೆ. ಮೊಂಡು ಅಲಗು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಜೀವಕೋಶಗಳು ಸತ್ತು ನಡುವೆ ಒಂದು ಒಣ ಗೋಡೆಯಾಗಿ ನಿಲ್ಲುತ್ತವೆ. ಎರಡು ಮೂರು ಸಲ ಗೀರಿ ಮಾಡಿದ ಬೆಣೆಯ ಮುಖ ಏರುತಗ್ಗಾಗುತ್ತದೆ. ಆ ತಗ್ಗಿನಲ್ಲಿ ಗಾಳಿ ನಿಂತರೆ ಪ್ಲಾಸ್ಟಿಕ್ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಸುತ್ತಿದರೂ ಪ್ರಯೋಜನವಿಲ್ಲ.

ಆದ್ದರಿಂದ ಅಂಗಡಿಯಲ್ಲಿ ಹಿಡಿಯ ಬಣ್ಣ ನೋಡುವ ಮೊದಲು ಅಲಗಿನ ಮಸೆತವನ್ನು ನೋಡಬೇಕು. ಹಣ್ಣು ಕೊಯ್ಯುವ ಸಾಮಾನ್ಯ ಚಾಕುವಿಗೆ ಎರಡೂ ಬದಿಯಲ್ಲಿ ಇಳಿಜಾರು ಇರುತ್ತದೆ. ಕಸಿಗೆಂದೇ ಮಾಡಿದ ಹಲವು ಚಾಕುಗಳಲ್ಲಿ ಒಂದು ಬದಿ ಚಪ್ಪಟೆ, ಇನ್ನೊಂದು ಬದಿಗೆ ಮಾತ್ರ ಇಳಿಜಾರು. ಚಪ್ಪಟೆ ಬದಿಯನ್ನು ಕೊಂಬೆಗೆ ಒತ್ತಿ ಒಂದೇ ಎಳೆತಕ್ಕೆ ಕೊಯ್ದರೆ ಮುಖ ನೇರವಾಗಿ ಬರುತ್ತದೆ. ಎಡಗೈಯಲ್ಲಿ ಕೆಲಸ ಮಾಡುವವರಿಗೆ ಇಳಿಜಾರು ಎದುರು ಬದಿಗೆ ಬೇಕು. ಅದನ್ನು ಕೇಳಿಯೇ ಕೊಳ್ಳಬೇಕು. ಎರಡು ಬದಿ ಮಸೆದ ಚಾಕುವಿನಿಂದ ಕಸಿ ಆಗುವುದೇ ಇಲ್ಲವೆಂದಲ್ಲ. ಅಲಗು ತೆಳುವಾಗಿದ್ದು ಕೈ ಪಳಗಿದ್ದರೆ ಆಗುತ್ತದೆ. ದಪ್ಪ ಅಲಗಿನಿಂದ ಆಗದು.

ಇನ್ನು ಉಕ್ಕಿನ ಮಾತು. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಮನೆಯ ಸಾಣೆಕಲ್ಲಿಗೇ ಬಗ್ಗುತ್ತದೆ. ಆದರೆ ಕಾಪು, ಮಟ್ಟುವಿನಂಥ ಕಡಲ ದಂಡೆಯ ಉಪ್ಪುಗಾಳಿಯಲ್ಲಿ ಒಂದು ರಾತ್ರಿ ಒರೆಸದೆ ಇಟ್ಟರೂ ತುಕ್ಕಿನ ಚುಕ್ಕೆ ಏಳಬಹುದು. ಸ್ಟೇನ್‌ಲೆಸ್ ಉಕ್ಕು ತುಕ್ಕನ್ನು ತಡೆಯುತ್ತದೆ. ಅಗ್ಗದ ಸ್ಟೇನ್‌ಲೆಸ್ ಚಾಕುಗಳು ಮೆದುವಾಗಿರುವುದರಿಂದ ಅವುಗಳ ಬಾಯಿ ಬೇಗ ಮಡಚಿಕೊಳ್ಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದಿನವೂ ಒರೆಸುವ ಅಭ್ಯಾಸ ಇರುವವರು ಇಂಗಾಲದ ಉಕ್ಕನ್ನೂ, ಆ ಅಭ್ಯಾಸ ಇಲ್ಲದವರು ಸ್ಟೇನ್‌ಲೆಸ್ಸನ್ನೂ ಕೊಳ್ಳಲಿ.

ಮೂರನೆಯದು ಅಲಗು ನಿಲ್ಲುವ ಬಗೆ. ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ಮಡಚುವ ಚಾಕುಗಳಲ್ಲಿ ಬೆನ್ನಿನ ಸ್ಪ್ರಿಂಗು ಮಾತ್ರ ಅಲಗನ್ನು ಹಿಡಿದಿರುತ್ತದೆ, ಬೀಗವಿರುವುದಿಲ್ಲ. ಗಟ್ಟಿ ಸಸಿಯನ್ನು ಸೀಳಲು ತುದಿಯಿಂದ ಒತ್ತಿದಾಗ ಇಂಥದೊಂದು ಚಾಕು ಮಡಚಿ ನನ್ನ ತೋರುಬೆರಳನ್ನು ಹಿಡಿದಿತ್ತು. ಗಾಯದ ಗುರುತು ಈಗಲೂ ಇದೆ. ಸೀಳುವ ಕೆಲಸಕ್ಕೆ ಬೀಗವಿರುವ ಚಾಕು ಅಥವಾ ಮಡಚದ ಚಾಕುವೇ ಲೇಸು. ಫ್ರಾನ್ಸಿನ ಸವಾಯ್ ಪ್ರದೇಶದಲ್ಲಿ 1890ರಲ್ಲಿ ಆರಂಭವಾದ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗುವ ಉಂಗುರದ ಬೀಗ ಬಂತು. ರಚನೆ ಸರಳ, ಅಲಗು ತೆಳು. ಆದರೆ ಹಿಡಿ ಮರದ್ದು. ನಮ್ಮ ಆಷಾಢದ ಮಳೆಯಲ್ಲಿ ನೆನೆದರೆ ಮರ ಉಬ್ಬಿ ಅಲಗು ತೆರೆಯಲು ಉಗುರು ಸಾಲದು. ಜಪಾನಿನ ಹಿಗೊನೊಕಾಮಿ ಇನ್ನೂ ಸರಳ: ಮಡಚಿದ ಲೋಹದ ಹಿಡಿ, ಒಂದು ಕೀಲು, ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಾದ ಒಂದು ಬಾಲ. ತೊಳೆಯಲು ಸುಲಭ, ಆದರೆ ಹೆಬ್ಬೆರಳು ಜಾರಿದರೆ ರಕ್ಷಣೆ ಇಲ್ಲ. ಯಾವುದೇ ಇರಲಿ, ಕೊಳ್ಳುವಾಗ ಅಲಗನ್ನು ತೆರೆದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿರಿ. ಕೀಲು ಸಡಿಲವಾಗಿದ್ದರೆ ಬೆಲೆ ಎಷ್ಟೇ ಕಡಿಮೆ ಇದ್ದರೂ ಬೇಡ.

ಮಡಚುವ ಚಾಕುವಿಗೆ ಇನ್ನೊಂದು ದೋಷವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಹಿಡಿಯ ಸಂದಿನಲ್ಲಿ ಗಿಡದ ರಸ, ಮಣ್ಣು ಸೇರಿಕೊಳ್ಳುತ್ತವೆ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳವನ್ನು ಬೆಳೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಬದನೆಯ ಸೊರಗು ರೋಗದ ದುಂಡಾಣು ಮುಖ್ಯವಾಗಿ ಮಣ್ಣು, ನೀರಿನಿಂದ ಬಂದರೂ, ಸೊರಗಿದ ಗಿಡವನ್ನು ಕೊಯ್ದ ಅಲಗಿನಿಂದಲೇ ಆರೋಗ್ಯವಂತ ಗಿಡವನ್ನು ಮುಟ್ಟಿದರೆ ಗಾಯದ ಮೂಲಕ ಒಳಸೇರಬಲ್ಲದು. ಸೊರಗಿದ ಗಿಡವನ್ನು ಕೊಯ್ಯದೆ ಬುಡಸಮೇತ ಕಿತ್ತು ಹೊರಹಾಕಿರಿ. ಕಾಯಿ ಕೊಯ್ಯುವಾಗ ಸಾಲಿನಿಂದ ಸಾಲಿಗೆ ಹೋಗುವ ಮುನ್ನ ಅಲಗನ್ನು ಮಣ್ಣು ಹೋಗುವಂತೆ ಒರೆಸಿ, ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮತ್ತೆ ಒರೆಸತಕ್ಕದ್ದು. ಬೆಂಕಿಯಲ್ಲಿ ಕಾಯಿಸುವವರಿದ್ದಾರೆ, ಹಾಗೆ ಮಾಡಿದರೆ ಅಲಗಿನ ಹದ ಕೆಡುತ್ತದೆ. ಬ್ಲೀಚಿಂಗ್ ಪುಡಿಯ ನೀರು ಉಕ್ಕನ್ನು ತಿನ್ನುತ್ತದೆ. ಬದನೆಯನ್ನು ಸುಂಡೆಯ ಬುಡದ ಮೇಲೆ ಕಸಿ ಮಾಡುವವರಿಗಂತೂ ಆ ಎಳೆ ಕಾಂಡಕ್ಕೆ ಯಾವ ಚಾಕುವೂ ಬೇಡ. ಹೊಸ ಕ್ಷೌರದ ಬ್ಲೇಡು ಸಾಕು, ಅದೇ ಅಗ್ಗ, ಅದೇ ಹರಿತ.

ಮಸೆಯುವ ವಿಷಯದಲ್ಲಿ ಅಂಗಳದ ಮುರಕಲ್ಲಿಗೆ ಅಲಗನ್ನು ಉಜ್ಜುವುದನ್ನು ದಯವಿಟ್ಟು ನಿಲ್ಲಿಸಬೇಕು. ಅದರ ಒರಟು ಕಣಗಳು ಬಾಯಿಯನ್ನು ಗರಗಸದಂತೆ ಮಾಡುತ್ತವೆ. ನಯವಾದ ಸಾಣೆಕಲ್ಲನ್ನು ನೀರಿನಲ್ಲಿ ನೆನೆಸಿ, ಇಳಿಜಾರಿನ ಬದಿಯನ್ನು ಒಂದೇ ಕೋನದಲ್ಲಿ ಎಳೆಯಿರಿ. ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ಮಲಗಿಸಿ ಒಂದೆರಡು ಸಲ ಮಾತ್ರ ಎಳೆದು ಮುಳ್ಳು ತೆಗೆಯಿರಿ. ಕೊನೆಗೆ ಹಳೆಯ ಚರ್ಮದ ಪಟ್ಟಿಗೆ ಉಜ್ಜಬಹುದು. ಹರಿತವಾಯಿತೇ ಎಂದು ತಿಳಿಯಲು ಹೆಬ್ಬೆರಳು ಬೇಡ, ಹಾಳೆಯ ಅಂಚನ್ನು ಕೊಯ್ದು ನೋಡಿರಿ, ಸಿಕ್ಕಿಕೊಳ್ಳದೆ ಇಳಿಯಬೇಕು.

ಕಸಿಯ ಚಾಕುವಿನಲ್ಲಿ ಅಡಿಕೆ ಸಿಪ್ಪೆ, ಹಗ್ಗ, ರಸಗೊಬ್ಬರದ ಚೀಲ ಕೊಯ್ಯುವುದು ನಮ್ಮ ರೂಢಿ. ಹೆಚ್ಚು ಬೆಲೆಯ ಒಂದರ ಬದಲು ಸಾಧಾರಣವಾದ ಎರಡು ಚಾಕುಗಳನ್ನು ಕೊಂಡು, ಒಂದರ ಹಿಡಿಗೆ ಕೆಂಪು ನೂಲು ಸುತ್ತಿ ಅದನ್ನು ಕಸಿಗೆ ಮಾತ್ರ ಇಡಿರಿ. ಕಾನೂನಿನ ಭಯ ಬೇಡ: 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿಗೆ ಶಸ್ತ್ರಾಸ್ತ್ರ ನಿಯಮಗಳು ಅನ್ವಯವಾಗುತ್ತವೆ, ಅದರಲ್ಲೂ ಕೃಷಿಗೆಂದು ಮಾಡಿದ ಕತ್ತಿಗಳಿಗೆ ವಿನಾಯಿತಿ ಇದೆ. ಕಸಿಗೆ 6ರಿಂದ 8 ಸೆಂ.ಮೀ. ಅಲಗು ಸಾಕು. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ತೆರೆದಿಟ್ಟು ಒಣಗಿಸಿ, ಕೀಲಿಗೆ ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಡಿರಿ. ತೆಂಗಿನೆಣ್ಣೆ ಬೇಡ, ಹಳತಾದಂತೆ ಅಂಟಾಗಿ ಕೀಲನ್ನು ಹಿಡಿಯುತ್ತದೆ.