ಧ್ರುವ ಸಾಗರದ ಸಸ್ಯಪ್ಲವಕಗಳು: ಬೆಳಕು ಮತ್ತು ನೀರಿನ ಕಲಕಾಟ

ಸಸ್ಯಪ್ಲವಕಗಳು ಅಂದರೆ ಫೈಟೋಪ್ಲಾಂಕ್ಟನ್‌ಗಳು ಬಹುಪಾಲು ನೀರು ಒಯ್ದತ್ತ ಸಾಗುವ ಸೂಕ್ಷ್ಮಜೀವಿಗಳು. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ ಗಾಳಿ ಮೇಲ್ಪದರವನ್ನು ಕಡೆದಾಗ, ಒಂದೇ ಜೀವಕೋಶ ಪ್ರಖರ ಬೆಳಕಿಗೂ ಕತ್ತಲಿಗೂ ಮತ್ತೆ ಮತ್ತೆ ಓಡಾಡುತ್ತದೆ.

ಇಲ್ಲಿ ನೆನಪಿಡಬೇಕಾದ ಹೆಸರು ಹೆರಾಲ್ಡ್ ಸ್ವೆರ್ಡ್ರಪ್. 1953ರಲ್ಲಿ ಅವರು ‘ನಿರ್ಣಾಯಕ ಆಳ’ದ ಸಿದ್ಧಾಂತವನ್ನು ವಿವರಿಸಿದರು. ಗಾಳಿ ಕಲಕುವ ಮೇಲ್ಪದರ, ಅಂದರೆ ಮಿಶ್ರಪದರ, ಈ ಆಳವನ್ನು ಮೀರಿ ಇಳಿದರೆ ದ್ಯುತಿಸಂಶ್ಲೇಷಣೆಯ ಗಳಿಕೆಗಿಂತ ಉಸಿರಾಟದ ಖರ್ಚೇ ಹೆಚ್ಚು. ಪ್ಲವಕಗಳು ಹುಲುಸಾಗಿ ಬೆಳೆಯವು. ವಸಂತದಲ್ಲಿ ಸಮುದ್ರದ ಮಂಜುಗಡ್ಡೆ ಕರಗಿ, ಹಗುರವಾದ ಕಡಿಮೆ ಉಪ್ಪಿನ ನೀರು ಮೇಲೆ ನಿಂತಾಗ ಮಿಶ್ರಪದರ ತೆಳುವಾಗುತ್ತದೆ, ಬೆಳವಣಿಗೆ ಚುರುಕಾಗುತ್ತದೆ. ಈ ಸಿದ್ಧಾಂತದ ಬಗ್ಗೆ ಇಂದಿಗೂ ಚರ್ಚೆಯಿದೆ, ಆದರೂ ವಿಷಯಕ್ಕೆ ಪ್ರವೇಶದ್ವಾರ ಇದೇ.

ಬೆಳಕು ಹೆಚ್ಚಿದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ಮೇಲ್ಮೈಯಲ್ಲೇ ಸಿಲುಕಿದ ಕೋಶದಲ್ಲಿ ದ್ಯುತಿಸಂಶ್ಲೇಷಣೆಗೆ ಬೆಳಕು ಬಳಸುವ ಘಟಕವಾದ ಫೋಟೋಸಿಸ್ಟಂ-2 ಹಾನಿಗೊಳ್ಳುತ್ತದೆ. ಕೊರೆಯುವ ಚಳಿಯಲ್ಲಿ ಕಿಣ್ವಗಳು ನಿಧಾನವಾದ್ದರಿಂದ ದುರಸ್ತಿಯೂ ತಡ. ಓಜೋನ್ ರಂಧ್ರದಿಂದ ವಸಂತದಲ್ಲಿ ಹೆಚ್ಚುವ ಯುವಿ-ಬಿ ಕಿರಣ ಈ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಇದರಿಂದ ಪಾರಾಗಲು ಡಯಾಟಮ್ ಎಂಬ ಸಸ್ಯಪ್ಲವಕಗಳು ಡಯಾಡಿನೋಕ್ಸಾಂಥಿನ್ ಎಂಬ ವರ್ಣಕವನ್ನು ಡಯಾಟೋಕ್ಸಾಂಥಿನ್ ಆಗಿ ಮಾರ್ಪಡಿಸಿ ಹೆಚ್ಚುವರಿ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತವೆ. ಎಷ್ಟು ಸೊಗಸಾದ ಏರ್ಪಾಡು!

ನೀರಿನ ಕಲಕಾಟ ಯಾವ ಪ್ಲವಕ ಗೆಲ್ಲುತ್ತದೆಂದು ನಿರ್ಧರಿಸುವುದಕ್ಕೆ ಅಂಟಾರ್ಕ್ಟಿಕಾದ ರಾಸ್ ಸಮುದ್ರ ಉತ್ತಮ ಉದಾಹರಣೆ: ಆಳವಾಗಿ ಕಲಕುವ ನೀರಿನಲ್ಲಿ ಫಿಯೋಸಿಸ್ಟಿಸ್ ಅಂಟಾರ್ಕ್ಟಿಕಾ ಎಂಬ ಸಸ್ಯಪ್ಲವಕ, ಪದರಗಟ್ಟಿ ಮಿಶ್ರಪದರ ತೆಳುವಾದ ನೀರಿನಲ್ಲಿ ಡಯಾಟಮ್‌ಗಳು ಮೇಲುಗೈ ಪಡೆಯುತ್ತವೆ. ದಕ್ಷಿಣ ಸಾಗರದ ಬಹುಭಾಗದಲ್ಲಿ ನೈಟ್ರೇಟ್ ಸಾಕಷ್ಟಿದೆ. ಬೆಳಕಿನ ಜೊತೆಗೆ ಕೊರತೆಯಾಗುವುದು ಕಬ್ಬಿಣ.