ಗಾಜಿನ ಕೊಳದ ನೆರೆಹೊರೆ

ಮನೆಯ ಮೂಲೆಯಲ್ಲೊಂದು ಗಾಜಿನ ತೊಟ್ಟಿ, ಅದರೊಳಗೆ ಹಸುರು ಜಲಸಸ್ಯಗಳು, ಅವುಗಳ ನಡುವೆ ಮಿಂಚಿ ಮರೆಯಾಗುವ ಬಣ್ಣಬಣ್ಣದ ಮೀನುಗಳು. ಇಂಥ ನೋಟಕ್ಕೆ ಮನಸೋಲದವರು ವಿರಳ. ಮೀನಿನ ಅಂಗಡಿಗೆ ಕಾಲಿಟ್ಟವನ ಕಣ್ಣು ಮೊದಲು ಹರಿಯುವುದು ಬಣ್ಣದ ಕಡೆಗೇ. ಕೆಂಪಿನವು ಎರಡು, ನೀಲಿಯವು ನಾಲ್ಕು, ಉದ್ದ ಬಾಲದ್ದೊಂದು, ಪಟ್ಟೆಯದೊಂದು ಎಂದು ಆರಿಸಿ ತಂದು ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಡುವುದು ವಾಡಿಕೆಯಾಗಿಬಿಟ್ಟಿದೆ. ಹದಿನೈದು ದಿನ ಕಳೆಯುವುದರೊಳಗೆ ಒಂದರ ಈಜುರೆಕ್ಕೆ ಹರಿದಿರುತ್ತದೆ, ಎರಡು ಕಾಣೆಯಾಗಿರುತ್ತವೆ, ಮತ್ತೊಂದು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಅಂಗಡಿಯವನು ರೋಗದ ಮೀನನ್ನು ಕೊಟ್ಟನೆಂಬ ದೂರು ಹುಟ್ಟುವುದು ಆಗ. ಆದರೆ ಬಹಳ ಸಲ ದೋಷವಿರುವುದು ಆರಿಸಿದ ರೀತಿಯಲ್ಲಿ.

ಹೊಳೆಯಲ್ಲಿಯೂ ಕೆರೆಯಲ್ಲಿಯೂ ಮೀನುಗಳ ನಡುವೆ ಕಾದಾಟವಿಲ್ಲದಿಲ್ಲ. ಆದರೆ ಅಲ್ಲಿ ಸೋತ ಮೀನಿಗೆ ಓಡಿಹೋಗಲು ಎಡೆಯುಂಟು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ, ಮರಳನ್ನೂ ಮೇಲೆ ಬಿಡಬೇಕಾದ ಜಾಗವನ್ನೂ ಕಳೆದರೆ, ನಿಲ್ಲುವ ನೀರು ಸುಮಾರು 45 ಲೀಟರು. ಮೂರು ನಾಲ್ಕು ಕೊಡಗಳಷ್ಟು. ಇಷ್ಟರಲ್ಲಿಯೇ ಪ್ರತಿಯೊಂದು ಜೀವಿಯೂ ಉಸಿರಾಡಬೇಕು, ಉಣ್ಣಬೇಕು, ವಿಸರ್ಜಿಸಬೇಕು, ಹೆದರಿದಾಗ ಅಡಗಿಕೊಳ್ಳಬೇಕು.

ಮೀನಿನ ಕಿವಿರುಗಳಿಂದಲೂ ಮಲದಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ನೀರಿನಲ್ಲಿ ಅಮೋನಿಯ ಸೇರುತ್ತದೆ. ಇದು ಮೀನುಗಳಿಗೆ ವಿಷ. ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ ಅದನ್ನು ಮತ್ತೆ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ಸಸ್ಯಗಳಿಗೆ ಅದು ಗೊಬ್ಬರ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಗಳು ನೆಲೆಯೂರಲು ನಾಲ್ಕರಿಂದ ಆರು ವಾರಗಳು ಬೇಕಾಗುತ್ತವೆ. ಮೊದಲ ದಿನವೇ ಇಪ್ಪತ್ತು ಮೀನುಗಳನ್ನು ಬಿಟ್ಟವನ ತೊಟ್ಟಿ ವಾರದೊಳಗೆ ಬರಿದಾಗುವುದರ ಗುಟ್ಟು ಇದೇ.

ಈ ಸಮತೋಲನದ ಒಂದು ಮುಖವನ್ನು ಪ್ರಯೋಗದಿಂದ ತೋರಿಸಿದವನು ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್‌ಟನ್. 1850ರಲ್ಲಿ ಅವನು ವರದಿ ಮಾಡಿದ ಪ್ರಯೋಗದಲ್ಲಿ ಇದ್ದುದು ಎರಡು ಸಣ್ಣ ಹೊನ್ನಮೀನುಗಳು, ವ್ಯಾಲಿಸ್ನೇರಿಯ ಎಂಬ ಜಲಸಸ್ಯ. ಸಸ್ಯದಿಂದ ಮೀನಿಗೆ ಆಮ್ಲಜನಕ ದೊರೆಯಿತು. ಆದರೆ ಕೊಳೆತ ಎಲೆಗಳಿಂದ ನೀರು ಕದಡಿತು. ಆಗ ಅವನು ಕೆಲವು ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತುದನ್ನು ತಿಂದು ನೀರನ್ನು ತಿಳಿಯಾಗಿಸಿದುವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದುವು. ಮೂರು ಬಗೆಯ ಜೀವಿಗಳು ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಹೊಂದಿಕೊಂಡುವು.

ಹೊಂದಿಕೆಯನ್ನು ಮೊದಲು ನೋಡಬೇಕಾದುದು ನೀರಿನಲ್ಲಿ. ಕರ್ನಾಟಕದ ಬಯಲುಸೀಮೆಯ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಹಕ್ಕಳೆಯೇ ಅದಕ್ಕೆ ಸಾಕ್ಷಿ. ದಕ್ಷಿಣ ಅಮೆರಿಕದ ಉತ್ತರ ಭಾಗದಿಂದ ಬಂದ ಗಪ್ಪಿಗೂ ಮೆಕ್ಸಿಕೊ ಕಡೆಯ ಪ್ಲಾಟಿಗೂ ಇಂಥ ನೀರು ಒಗ್ಗುತ್ತದೆ. ನೀಲಿ ಕೆಂಪು ಗೆರೆಗಳಿಂದ ಹೊಳೆಯುವ ನಿಯಾನ್ ಟೆಟ್ರ ಹುಟ್ಟಿದುದು ಅಮೆಜಾನ್ ಪ್ರದೇಶದ ಮೆದು ನೀರಿನ ತೊರೆಗಳಲ್ಲಿ. ಗಡಸು ನೀರಿನಲ್ಲಿ ಅದು ಕೆಲವು ಕಾಲ ಬದುಕಿದರೂ ನೆಮ್ಮದಿಯಿಂದ ಬದುಕಿತೆನ್ನುವಂತಿಲ್ಲ.

ಒಂದೇ ನದಿಯಿಂದ ಬಂದ ಮೀನುಗಳಾದರೆ ಕೂಡಿ ಬಾಳಿಯಾವು ಎಂದು ಭಾವಿಸುವುದೂ ತಪ್ಪು. ತ್ರಿಕೋನಾಕಾರದ ಏಂಜಲ್ ಮೀನೂ ಅಮೆಜಾನಿನದೇ. ಮರಿಯಾಗಿದ್ದಾಗ ಟೆಟ್ರಗಳ ನಡುವೆ ಸಾಧುವಿನಂತೆ ಈಜುತ್ತದೆ. ಬೆಳೆದ ಮೇಲೆ ಮೂರು ಸೆಂಟಿಮೀಟರಿನ ಟೆಟ್ರ ಅದರ ಬಾಯಿಗೆ ಸರಿಯಾದ ತುತ್ತು. ಬಾಯಿಗೆ ಹಿಡಿಸುವ ಮೀನು ಆಹಾರವೇ ಎಂಬುದು ಮೀನುಗಳ ಲೋಕದ ಹಳೆಯ ನಿಯಮ. ಅಂಗಡಿಯಲ್ಲಿ ಕಂಡ ಗಾತ್ರವನ್ನು ನಂಬಿ ಆರಿಸುವವರು ಇದನ್ನು ಮರೆಯುತ್ತಾರೆ.

ಹೊನ್ನಮೀನಿನ ವಿಷಯದಲ್ಲಿ ನಡೆಯುವಷ್ಟು ಅನ್ಯಾಯ ಮತ್ತಾವ ಮೀನಿಗೂ ನಡೆಯುತ್ತಿಲ್ಲವೆನ್ನಬಹುದು. ಚೀನ ದೇಶದಲ್ಲಿ ಸಾವಿರ ವರ್ಷಗಳಿಗೂ ಹಿಂದೆಯೇ ಪಳಗಿದ ಈ ಮೀನು ಗೆಂಡೆಯ ಬಳಗಕ್ಕೆ ಸೇರಿದುದು. ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತದೆ, ಗೇಣುದ್ದಕ್ಕೆ ಬೆಳೆಯುತ್ತದೆ. ಅದಕ್ಕೆ ತಂಪು ನೀರು ಇಷ್ಟ. ಅದು ಮಾಡುವ ಹೊಲಸೂ ಹೆಚ್ಚು. ದುಂಡು ಬುರುಡೆಯಲ್ಲಿಟ್ಟ ಹೊನ್ನಮೀನು ಕೆಲವೇ ತಿಂಗಳಲ್ಲಿ ಸಾಯುವುದನ್ನು ಕಂಡು ಅದರ ಆಯುಸ್ಸೇ ಅಷ್ಟೆಂದು ತಿಳಿದವರಿದ್ದಾರೆ.

ಥಾಯ್ಲೆಂಡಿನ ಕಡೆಯ ಕಾಳಗದ ಮೀನಿನ ಕಥೆ ಬೇರೆ. ಬೆಟ್ಟ ಎಂದು ಹೆಸರಾದ ಈ ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಬಳಸಿಕೊಳ್ಳುವ ಅಂಗವೂ ಉಂಟು. ಆಗಾಗ ಮೇಲೆ ಬಂದು ಗಾಳಿಯನ್ನು ನುಂಗುತ್ತದೆ. ಸೀಸೆಯಲ್ಲಿ ಸಾಯದೆ ಉಳಿಯುವುದು ಈ ಕಾರಣದಿಂದ. ಸೀಸೆ ಅದಕ್ಕೆ ಮೆಚ್ಚುಗೆಯೆಂದಲ್ಲ. ಎರಡು ಗಂಡುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಒಂದು ಸಾಯುವವರೆಗೂ ಕಾದಾಡಬಹುದು. ಗಪ್ಪಿಯ ಬೀಸಣಿಗೆಯಂಥ ಬಾಲವನ್ನು ಕಂಡು ಎದುರಾಳಿಯೆಂದು ಎರಗುವುದೂ ಉಂಟು. ಹುಲಿಪಟ್ಟೆಯ ಟೈಗರ್ ಬಾರ್ಬ್ ಕೊಲ್ಲುವುದಿಲ್ಲ, ಆದರೆ ನೀಳ ರೆಕ್ಕೆಗಳನ್ನು ಕಚ್ಚಿ ಹರಿಯುವುದು ಅದರ ಚಾಳಿ. ಎಂಟು ಹತ್ತು ಬಾರ್ಬ್‌ಗಳು ಒಟ್ಟಿಗಿದ್ದರೆ ಜಗಳ ಬಹುಮಟ್ಟಿಗೆ ಅವುಗಳಲ್ಲಿಯೇ ಕಳೆದುಹೋಗುತ್ತದೆ. ಒಂದೆರಡೇ ಇದ್ದರೆ ನೆರೆಯವರಿಗೆ ಉಳಿಗಾಲವಿಲ್ಲ.

ಹಾಗಾದರೆ ಸಣ್ಣ ತೊಟ್ಟಿಗೆ ಒಪ್ಪುವ ಮೀನು ಯಾವುದು? ಬಹು ದೂರ ಹುಡುಕಬೇಕಾಗಿಲ್ಲ. ಭಾರತ, ನೇಪಾಳ, ಬಾಂಗ್ಲಾದೇಶಗಳ ತೊರೆಗಳಲ್ಲಿಯೂ ಗದ್ದೆಯಂಚಿನ ನೀರಿನಲ್ಲಿಯೂ ಬಾಳುವ ಜೀಬ್ರ ಮೀನು ನಾಲ್ಕು ಸೆಂಟಿಮೀಟರಿನಷ್ಟೇ ಉದ್ದ. ಮೈಮೇಲೆ ಹಾಯ್ದ ನೀಲಿಯ ಗೆರೆಗಳು ಅದರ ಗುರುತು. 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಇದನ್ನು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800-01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿ ವಿವರವಾದ ಪ್ರವಾಸಕಥನವನ್ನು ಬರೆದ ಬುಕಾನನ್ ಈತನೇ. ಹ್ಯಾಮಿಲ್ಟನ್ ಎಂಬ ಹೆಸರನ್ನು ಅನಂತರ ಇಟ್ಟುಕೊಂಡನು. ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಈ ಮೀನಿಗೆ ದೊಡ್ಡ ಸ್ಥಾನವಿದೆ. ಮಾನವನ ವಂಶವಾಹಿಗಳಲ್ಲಿ ಶೇಕಡ 70ರಷ್ಟಕ್ಕೆ ಸಾಟಿಯಾದುವು ಇದರಲ್ಲಿ ಇವೆಯೆಂದು 2013ರಲ್ಲಿ ಪ್ರಕಟವಾಯಿತು.

ಗಡಸು ನೀರನ್ನೂ ಸ್ವಲ್ಪ ತಂಪನ್ನೂ ಸೆಕೆಯನ್ನೂ ಇದು ಸಹಿಸಬಲ್ಲುದು. ಒಂಟಿತನವನ್ನು ಮಾತ್ರ ಸಹಿಸದು. ಆರಕ್ಕೆ ಕಡಮೆಯಿಲ್ಲದ ಗುಂಪಾಗಿರಬೇಕು. ಎಂಟು ಜೀಬ್ರ ಮೀನುಗಳು, ಜೊತೆಗೆ ನಾಲ್ಕು ಪ್ಲಾಟಿಗಳು, ಕೆಲವು ಬಸವನಹುಳುಗಳು: ಮೇಲೆ ಹೇಳಿದ ತೊಟ್ಟಿಗೆ ಇಷ್ಟೇ ಸಾಕು. ಜೀಬ್ರಗಳು ಮೇಲ್ಭಾಗದ ನೀರಿನಲ್ಲಿ ಓಡಾಡಿದರೆ ಪ್ಲಾಟಿಗಳು ನಡುವೆ ಸುಳಿಯುತ್ತ ಪಾಚಿಯನ್ನು ಕೆರೆದು ತಿನ್ನುತ್ತವೆ. ಪ್ಲಾಟಿ ಮರಿಹಾಕುವ ಜಾತಿ. ಹೆಣ್ಣು ಗಂಡು ಕೂಡಿದ್ದರೆ ಕೆಲವೇ ತಿಂಗಳಲ್ಲಿ ಜನಸಂದಣಿ. ಆದುದರಿಂದ ಗಂಡುಗಳನ್ನು ಮಾತ್ರ ಆರಿಸುವುದು ಜಾಣತನ. ಜೀಬ್ರ ಮೀನು ನೆಗೆಯುವುದರಲ್ಲಿ ನಿಪುಣ, ತೊಟ್ಟಿಗೆ ಮುಚ್ಚಳವಿರಲೇಬೇಕು.

ಸ್ವದೇಶದ್ದೆಂಬ ಮಾತ್ರಕ್ಕೆ ಎಲ್ಲ ಮೀನೂ ತೊಟ್ಟಿಗೆ ಯೋಗ್ಯವಲ್ಲ. ಪಶ್ಚಿಮಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್ ಕಣ್ಣಿನಿಂದ ಹಿಂದಕ್ಕೆ ಹಾಯುವ ಕೆಂಪು ಗೆರೆಯಿಂದ ಜಗತ್ತಿನ ಮೀನುಪ್ರಿಯರನ್ನೆಲ್ಲ ಸೆಳೆದಿದೆ. 1865ರಲ್ಲಿ ಫ್ರಾನ್ಸಿಸ್ ಡೇ ಅದನ್ನು ವರ್ಣಿಸಿದನು. ಗೇಣುದ್ದಕ್ಕೆ ಸಮೀಪವಾಗಿ ಬೆಳೆದು, ಹರಿಯುವ ತಂಪು ನೀರಿನಲ್ಲಿ ಹಿಂಡಾಗಿ ಸಾಗುವ ಈ ಮೀನಿಗೆ ಎರಡು ಅಡಿಯ ತೊಟ್ಟಿ ಸೆರೆಮನೆಯೇ ಸರಿ. ವ್ಯಾಪಾರಕ್ಕಾಗಿ ಹೊಳೆಯಿಂದ ಮಿತಿಮೀರಿ ಹಿಡಿದುದರಿಂದ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯನ್ನೂ ಸೇರಿದೆ.

ಗಾಜಿಗೆ ಅಂಟಿ ಪಾಚಿಯನ್ನು ತಿನ್ನುವ ಸಕ್ಕರ್ ಮೀನನ್ನು ತೊಟ್ಟಿಯ ಜಾಡಮಾಲಿಯೆಂದು ಮಾರುತ್ತಾರೆ. ಬೆರಳುದ್ದದ ಮರಿ ಬೆಳೆದು ಒಂದು ಅಡಿಯನ್ನು ಮೀರುತ್ತದೆ. ಇನ್ನು ಸಾಕಲಾರೆವೆಂದು ಜನ ಕನಿಕರದಿಂದ ಅದನ್ನು ಕೆರೆಗೆ ಬಿಡುತ್ತಾರೆ. ದಪ್ಪ ಫಲಕಗಳ ಕವಚವಿರುವ ಆ ಮೀನು ಅಲ್ಲಿ ಸಂತಾನ ಬೆಳೆಸಿ, ಊರಿನ ಮೀನುಗಳ ಆಹಾರಕ್ಕೂ ನೆಲೆಗೂ ಸಂಚಕಾರ ತರುತ್ತದೆ. ಬೆಸ್ತರ ಬಲೆಗಳನ್ನೂ ಹರಿಯುತ್ತದೆ. ಸಾಕಲಾರದ ಮೀನನ್ನು ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಒಪ್ಪಿಸಬೇಕಲ್ಲದೆ ಕೆರೆಗೆ ಬಿಡಬಾರದು.

ಆರಿಸಿದ ಮೀನುಗಳನ್ನೂ ಒಮ್ಮೆಲೇ ತರುವುದು ತರವಲ್ಲ. ಮೊದಲು ನಾಲ್ಕು, ಎರಡು ಮೂರು ವಾರಗಳ ಮೇಲೆ ಮತ್ತೆ ನಾಲ್ಕು. ಮೀನಿರುವ ಚೀಲವನ್ನು ಹದಿನೈದು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ಸ್ವಲ್ಪ ಸ್ವಲ್ಪವೇ ತೊಟ್ಟಿಯ ನೀರನ್ನು ಅದಕ್ಕೆ ಬೆರಸಿ, ಅನಂತರ ಬಲೆಯಿಂದ ಮೀನನ್ನಷ್ಟೇ ಎತ್ತಿ ಬಿಡಬೇಕು. ಮೊದಲ ಕೆಲವು ದಿನ ಉಣಿಸುವ ಹೊತ್ತಿನಲ್ಲಿ ಗಮನವಿಟ್ಟು ನೋಡಬೇಕು. ಎಲ್ಲವೂ ಮೇಲೆದ್ದು ಬಂದರೆ ಚಿಂತೆಯಿಲ್ಲ. ಒಂದು ಮಾತ್ರ ಸಸ್ಯದ ಮರೆಯಲ್ಲಿಯೇ ನಿಂತಿದ್ದರೆ, ಅದರ ರೆಕ್ಕೆಯ ಅಂಚು ಹರಿದಿದೆಯೇ ಎಂದು ಪರೀಕ್ಷಿಸಿ, ಹರಿದಿದ್ದರೆ ಅದೇ ತೊಟ್ಟಿಯ ನೀರನ್ನು ತುಂಬಿದ ಬೇರೊಂದು ಪಾತ್ರೆಗೆ ಆ ದಿನವೇ ಸಾಗಿಸಬೇಕು.