ಕಾಯುವುದೂ ಒಂದು ಕಾಯಕ



ಸಾಗರ ಸೀಮೆಯ ಹೊನ್ನೆಮರಡಿನಲ್ಲಿ ಶರಾವತಿಯ ಹಿನ್ನೀರಿನ ದಡದ ಮೇಲೆ ನಿಂತವರಿಗೆ ಕಾಯುವುದೆಂದರೇನೆಂಬುದನ್ನು ಬೇರೊಬ್ಬರು ಹೇಳಿಕೊಡಬೇಕಾದುದಿಲ್ಲ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಊರುಗಳೂ ಗದ್ದೆ ತೋಟಗಳೂ ಮುಳುಗಿದವು. ಎದ್ದು ಹೋದ ಕುಟುಂಬಗಳು ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಾದವು. ದ್ವೀಪದಂತಾದ ತುಮರಿಯ ಕಡೆಯ ಜನರು ೨೦೨೫ನೆಯ ಜುಲೈ ೧೪ರಂದು ಅಂಬಾರಗೋಡ್ಲು–ಕಳಸವಳ್ಳಿಯ ಸೇತುವೆಯು ತೆರೆಯುವವರೆಗೆ, ಬಾಣಂತಿಯಿರಲಿ, ರೋಗಿಯಿರಲಿ, ದಡದಲ್ಲಿ ನಿಂತು ಲಾಂಚಿನ ದಾರಿಯನ್ನು ನೋಡಿದರು. ಆದುದರಿಂದ ಈ ತಿಂಗಳ ಪಾಠವನ್ನು ಈ ದಡದಿಂದಲೇ ಆರಂಭಿಸುವುದು ಉಚಿತವಾಗಿದೆ.

ಈ ಸೀಮೆಯ ಮಗಳೊಬ್ಬಳು ಮಠಕ್ಕೆ ಬಂದಿದ್ದಳು. ಮದುವೆಯಾಗಿ ಎರಡು ವರುಷ ಸಂದಿದ್ದವು. ಗಂಡನು ಅಮೆರಿಕದಲ್ಲಿ ಖಾಯಂ ನಿವಾಸದ ಪರವಾನಗಿಯನ್ನು ಪಡೆದವನು. ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ್ದನು, ಸರದಿ ಬಂದಿರಲಿಲ್ಲ. ಅವಳು ಕೇಳಿದುದಿಷ್ಟು: “ಬುದ್ಧಿ, ತವರಿನಲ್ಲಿ ನನ್ನನ್ನು ಕೊಟ್ಟ ಹೆಣ್ಣೆನ್ನುತ್ತಾರೆ. ಅತ್ತೆಯ ಮನೆಯಲ್ಲಿ ಇಂದೋ ನಾಳೆಯೋ ಹೋಗುವವಳೆನ್ನುತ್ತಾರೆ. ನಾನು ಎಲ್ಲಿಯವಳು? ಈ ನನ್ನ ದಿನಗಳು ಯಾವ ಲೆಕ್ಕಕ್ಕೆ ಸೇರಿದವು?”

ಈ ಪ್ರಶ್ನೆಯು ಅವಳೊಬ್ಬಳದಲ್ಲ. ಇಂದು ನಮ್ಮ ಎಷ್ಟೋ ಮನೆಗಳ ಪ್ರಶ್ನೆಯಾಗಿರುವುದರಿಂದ ಇದನ್ನು ಶರಣರ ಬೆಳಕಿನಲ್ಲಿ ವಿಚಾರ ಮಾಡೋಣ.

ಮೊದಲು ವಿಷಯದ ಸ್ವರೂಪ

ಅರಿಯದೆ ಕಾಯುವುದು ದುಃಖವನ್ನು ಇಮ್ಮಡಿಸುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಅಲ್ಲಿಯ ಪೌರನ ಹೆಂಡತಿಗೆ ವಾರ್ಷಿಕ ಸಂಖ್ಯೆಯ ಮಿತಿಯಿಲ್ಲ. ಖಾಯಂ ನಿವಾಸಿಯ ಹೆಂಡತಿಗಾದರೋ ವರುಷಕ್ಕೆ ಇಂತಿಷ್ಟೆಂಬ ಮಿತಿಯುಂಟು. ಅಲ್ಲಿಯ ವಿದೇಶಾಂಗ ಇಲಾಖೆಯು ತಿಂಗಳು ತಿಂಗಳು ಹೊರಡಿಸುವ ವೀಸಾ ಪ್ರಕಟಣೆಯಲ್ಲಿ ಅರ್ಜಿಯ ದಿನಾಂಕಕ್ಕೆ ಸರದಿ ಬರಬೇಕು. ನಡುವೆ ಗಂಡನು ಪೌರತ್ವವನ್ನು ಪಡೆದರೆ ಆ ಸರದಿಯ ತೊಡಕು ನೀಗುವುದು. ಮೊದಲು ಗಂಡನ ಅರ್ಜಿ, ಬಳಿಕ ಶುಲ್ಕ ಮತ್ತು ದಾಖಲೆಗಳು, ಹೆಂಡತಿಯನ್ನು ಪೋಷಿಸುವೆನೆಂಬ ಗಂಡನ ಪ್ರಮಾಣಪತ್ರ, ವೈದ್ಯಪರೀಕ್ಷೆ, ಕಡೆಗೆ ಸಾಮಾನ್ಯವಾಗಿ ಮುಂಬಯಿಯ ದೂತಾವಾಸದಲ್ಲಿ ಸಂದರ್ಶನ. ಅಲ್ಲಿಗೆ ಕಾಲಿಡುವಾಗ ಮದುವೆಯಾಗಿ ಎರಡು ವರುಷ ತುಂಬಿರದಿದ್ದರೆ ದೊರೆಯುವ ನಿವಾಸವು ಷರತ್ತಿನದು. ಎರಡು ವರುಷ ತುಂಬುವ ಮುನ್ನಿನ ೯೦ ದಿನಗಳೊಳಗೆ ದಂಪತಿಗಳು ಕೂಡಿ ಅರ್ಜಿ ಸಲ್ಲಿಸಿ ಆ ಷರತ್ತನ್ನು ತೆಗೆಸಬೇಕು.

ಬೇರೆ ದೇಶಗಳಲ್ಲಿಯೂ ಇದೇ ಬಗೆಯ ತಡೆಗಳುಂಟು. ಬ್ರಿಟನ್ನಿನ ಸರಕಾರವು ೨೦೨೪ನೆಯ ಏಪ್ರಿಲ್ ೧೧ರಿಂದ, ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಕರೆಸಿಕೊಳ್ಳುವವರ ಕನಿಷ್ಠ ವಾರ್ಷಿಕ ವರಮಾನವನ್ನು ೧೮,೬೦೦ ಪೌಂಡುಗಳಿಂದ ೨೯,೦೦೦ಕ್ಕೆ ಏರಿಸಿತು. ಕೆನಡದಲ್ಲಿ ಕರೆಸಿಕೊಂಡವನು ಮೂರು ವರುಷಗಳ ಪೋಷಣೆಯ ಹೊಣೆಯನ್ನು ಬರೆದುಕೊಡಬೇಕು. ಈ ಕಷ್ಟವು ಹೊಸದೂ ಅಲ್ಲ. ಕೆನಡಕ್ಕೆ ಹೋಗಿ ನೆಲಸಿದ ಭಾರತೀಯರಿಗೆ ೧೯೧೯ರವರೆಗೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಮಾರ್ಗವೇ ಮುಚ್ಚಿದಂತಿತ್ತು. ಹಿಂದಿನವರು ಮುಚ್ಚಿದ ಬಾಗಿಲ ಮುಂದೆ ಕಾದರು. ಇಂದಿನವರು ನಿಧಾನವಾಗಿ ತೆರೆಯುವ ಬಾಗಿಲ ಮುಂದೆ ಕಾಯುತ್ತಿದ್ದಾರೆ.

‘ಕಾಯು’ ಎಂಬ ಮಾತು

ನಮ್ಮ ಕನ್ನಡ ನುಡಿಯಲ್ಲಿ ‘ಕಾಯು’ ಎಂಬ ಒಂದು ಮಾತಿಗೆ ಮೂರು ಅರ್ಥಗಳುಂಟು. ಬರುವವರ ದಾರಿ ನೋಡುವುದು ಕಾಯುವುದು. ಹೊಲವನ್ನು, ದನವನ್ನು ರಕ್ಷಿಸುವುದೂ ಕಾಯುವುದೇ. ಒಲೆಯ ಮೇಲಿನ ನೀರು ಬಿಸಿಯೇರುವುದೂ ಕಾಯುವುದೇ. ಕಾಯಕವೆಂಬ ಶಬ್ದವು ಕಾಯ, ಎಂದರೆ ದೇಹ, ಎಂಬುದರಿಂದ ಬಂದುದು. ಇದಕ್ಕೂ ಅದಕ್ಕೂ ಮೂಲ ಬೇರೆ. ಆದರೂ ಅನುಭಾವದಲ್ಲಿ ಇವೆರಡೂ ಕೂಡಬಲ್ಲವು. ಬರಿದೆ ದಾರಿ ನೋಡುತ್ತ ಕುಳಿತರೆ ಅದು ಕಾಲಹರಣ. ತನ್ನಲ್ಲಿರುವುದನ್ನು ರಕ್ಷಿಸುತ್ತ ಕಾದರೆ ಅದು ಕಾಯಕ. ಆ ಕಾಯಕದಲ್ಲಿ ಜೀವವು ಕಾದು ಹದಗೊಂಡರೆ ಅದು ಸಾಧನೆ.

ಆ ಮಗಳು ರಕ್ಷಿಸಬೇಕಾದುದೇನು? ತನ್ನ ಆರೋಗ್ಯ, ತನ್ನ ವಿದ್ಯೆ, ತನ್ನ ದುಡಿಮೆ, ತನ್ನ ಮಾನ. ನಾಳೆ ಹೋಗುವವಳೆಂದು ಓದನ್ನು ನಿಲ್ಲಿಸುವುದು, ಕೆಲಸವನ್ನು ಬಿಡುವುದು, ಮನೆಯವರು ಅವಳನ್ನು ಅತಿಥಿಯಂತೆ ಕಾಣುವುದು, ಇವು ಮೂರೂ ಸಲ್ಲ. ಶರಣರು ಕಾಯಕವನ್ನು ನಾಳೆಗೆ ಇಟ್ಟವರಲ್ಲ. ಕೈಲಾಸವನ್ನೇ ಇಂದಿನ ಕಾಯಕದಲ್ಲಿ ಕಂಡವರು ವೀಸಾ ಬಂದ ಮೇಲೆ ಬದುಕೋಣವೆನ್ನುವರೆ?

ಶರಣಸತಿ, ಲಿಂಗಪತಿ

ನಮ್ಮ ಮತದಲ್ಲಿ ಲಿಂಗವು ಪತಿ, ಶರಣನು ಸತಿ ಎಂಬ ಭಾವವುಂಟು. ಇದರ ಒಂದು ಮರ್ಮವನ್ನು ನಾವು ಮರೆಯುತ್ತೇವೆ. ಇಲ್ಲಿ ಗಂಡಸಾದ ಭಕ್ತನೂ ಸತಿಯೇ. ಎಂದರೆ ಕಾಯುವ ಧರ್ಮವು ಹೆಂಗಸಿಗೆ ಮಾತ್ರ ಬರೆದಿಟ್ಟುದಲ್ಲ. ಕಡಲಾಚೆ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಅಟ್ಟು ಉಣ್ಣುವ ಗಂಡನೂ ಕಾಯುತ್ತಿದ್ದಾನೆ; ಅವನಿಂದಲೂ ಅದೇ ನಿಷ್ಠೆಯನ್ನು ಅಪೇಕ್ಷಿಸತಕ್ಕದ್ದು. ಹೆಂಡತಿಯು ಎಲ್ಲಿಗೆ ಹೋದಳು, ಯಾರೊಡನೆ ಮಾತನಾಡಿದಳು ಎಂದು ಕೇಳುವ ಊರು, ಗಂಡನು ಅಲ್ಲಿ ಹೇಗಿರುವನೆಂದು ಕೇಳದಿದ್ದರೆ ಆ ಊರಿನ ತಕ್ಕಡಿ ಸರಿಯಿಲ್ಲ.

ಅಗಲಿಕೆಯ ಉರಿಯನ್ನು ಅಕ್ಕಮಹಾದೇವಿಯಷ್ಟು ಅರಿತವರಾರು? ನಮ್ಮ ಶಿವಮೊಗ್ಗ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಆಕೆ ಚೆನ್ನಮಲ್ಲಿಕಾರ್ಜುನನನ್ನು ಅರಸುತ್ತ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಆಕೆಯ ಕಾಯುವಿಕೆಯು ಕುಳಿತ ಕಾಯುವಿಕೆಯಲ್ಲ, ನಡೆಯುವ ಕಾಯುವಿಕೆ.

ಪರೀಕ್ಷೆಯನ್ನು ಎದುರಿಸುವ ಬಗೆ

“ನಮ್ಮ ಮದುವೆ ನಿಜವೋ ಸುಳ್ಳೋ ಎಂದು ಕೇಳಲು ಆ ಅಧಿಕಾರಿ ಯಾರು?” ಎಂದು ಅನೇಕರಿಗೆ ಸಿಟ್ಟು ಬರುವುದುಂಟು. ಚಿತ್ರಗಳನ್ನು, ಪತ್ರಗಳನ್ನು, ಕಳುಹಿಸಿದ ಹಣದ ರಸೀದಿಗಳನ್ನು ಅಪರಿಚಿತರ ಮುಂದೆ ಹರಡುವುದು ಮಾನವುಳ್ಳವರಿಗೆ ಕಷ್ಟವೇ ಸರಿ. ಆದರೆ ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಶರಣರ ಸಭೆಯಲ್ಲಿ ಎಷ್ಟು ಕಠಿನವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆಯು ಹೇಳುತ್ತದೆ. ಪತಿ ಯಾರೆಂಬ ಪ್ರಶ್ನೆಯನ್ನೇ ಆಕೆ ಎದುರಿಸಬೇಕಾಯಿತು. ಆಕೆ ಕೋಪಿಸಿಕೊಂಡು ಹಿಂತಿರುಗಲಿಲ್ಲ; ಇದ್ದುದನ್ನು ಇದ್ದಂತೆ ನುಡಿದಳು. ಪ್ರಭುಗಳಿಗೂ ವೀಸಾದ ಅಧಿಕಾರಿಗೂ ಹೋಲಿಕೆಯಿಲ್ಲ. ಉತ್ತರಿಸುವವರ ನಡತೆಗೆ ಮಾತ್ರ ಹೋಲಿಕೆಯುಂಟು.

ಆದುದರಿಂದ ಬೇಗ ಮುಗಿಯಲೆಂದು ತಾರೀಖನ್ನು ತಿದ್ದಿರಿ, ಹಿಂದಿನ ಮದುವೆಯನ್ನು ಮುಚ್ಚಿರಿ ಎನ್ನುವ ದಲ್ಲಾಳಿಯ ಮಾತನ್ನು ಕೇಳಬಾರದು. ತಿಳಿದು ಹೇಳಿದ ಒಂದು ಸುಳ್ಳು ಅಮೆರಿಕದ ಬಾಗಿಲನ್ನು ಶಾಶ್ವತವಾಗಿ ಮುಚ್ಚಬಲ್ಲುದು. ನಮ್ಮ ಕಡೆಯ ತೊಡಕುಗಳು ಹೆಚ್ಚಾಗಿ ಸುಳ್ಳಿನವಲ್ಲ, ಅಲಕ್ಷ್ಯದವು. ಮಠದಲ್ಲಿ ಗುರುಸಮ್ಮುಖದಲ್ಲಿ ಮದುವೆಯಾಗುತ್ತದೆ, ನೋಂದಣಿಯನ್ನು ಮರೆಯುತ್ತಾರೆ. ೧೯೫೫ರ ಹಿಂದೂ ವಿವಾಹ ಕಾಯಿದೆಯು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನೊಳಗೆ ಸೇರಿಸಿಕೊಂಡಿದೆ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕೂಡಲೆ ನೋಂದಾಯಿಸಬೇಕು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಸೇರಿದ ಇನ್ನೊಂದು ಹೆಸರು, ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಮತ್ತೊಂದು ಹೆಸರು. ಇವನ್ನು ಮೊದಲೇ ಸರಿಪಡಿಸಿಕೊಂಡರೆ ತಿಂಗಳುಗಳು ಉಳಿಯುವುವು.

ಸಾಕೆಂಬ ಅರಿವು

ಕೆಲವು ಮನೆಗಳಲ್ಲಿ ತಡವು ಸರಕಾರದ್ದಲ್ಲ, ಗಂಡನದು. “ಇನ್ನಷ್ಟು ಹಣ ಕೂಡಲಿ, ಸ್ವಂತ ಮನೆಯಾಗಲಿ, ಬಳಿಕ ಅರ್ಜಿ ಹಾಕುವೆ” ಎನ್ನುವನು. ಅಂಥವನು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳಬೇಕು. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಆಕೆ ಸಂತೋಷಪಡಲಿಲ್ಲ. ಬೇಕಾದಷ್ಟನ್ನು ಉಳಿಸಿ ಮಿಕ್ಕುದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಕಾನೂನು ಕೇಳುವಷ್ಟು ವರಮಾನವು ಅವಶ್ಯ. ಆಸೆ ಕೇಳುವಷ್ಟಾಗಲಿ ಎಂದು ಕುಳಿತರೆ ದಾಂಪತ್ಯದ ವರುಷಗಳನ್ನು ಯಾರು ಹಿಂದಿರುಗಿಸಿಕೊಡುವರು?

ಕಾಯಬಾರದ ಸ್ಥಿತಿ

ಇಲ್ಲಿ ಒಂದು ಕಠಿನವಾದ ಮಾತನ್ನು ಹೇಳದೆ ಪಾಠವನ್ನು ಮುಗಿಸುವುದು ಸರಿಯಲ್ಲ. ಕಾಗದಕ್ಕಾಗಿ ಕಾಯುವುದು ಬೇರೆ. ಮನಸ್ಸು ತಿರುಗಿದವನಿಗಾಗಿ ಕಾಯುವುದು ಬೇರೆ. ಅರ್ಜಿಯ ರಸೀದಿಯ ಸಂಖ್ಯೆಯನ್ನು ತಿಳಿಸದವನು, ವಿಳಾಸವನ್ನು ಮರೆಮಾಚುವವನು, ಹೊಸ ಹೊಸ ಹಣಕ್ಕಾಗಿ ಮಾವನನ್ನು ಪೀಡಿಸುವವನು ಕಾಗದದ ನೆಪವನ್ನು ಹೇಳುತ್ತಿರಬಹುದು. ನುಡಿಯೂ ನಡೆಯೂ ಒಂದಾಗಿರಬೇಕೆಂಬುದು ಶರಣರು ಹಿಡಿದ ಒರೆಗಲ್ಲು. ಅದಕ್ಕೆ ಅವನನ್ನು ಹಚ್ಚಿ ನೋಡಬೇಕು. ಹರಿಹರ ಕವಿಯ ರಗಳೆಯ ಪ್ರಕಾರ ಮಹಾದೇವಿಯು ಕೌಶಿಕನ ಮುಂದೆ ಕಟ್ಟಳೆಗಳನ್ನಿಟ್ಟಳು. ಅವನು ಅವನ್ನು ಮುರಿದಾಗ ಅರಮನೆಯನ್ನೇ ಬಿಟ್ಟು ನಡೆದಳು. ಅವಳ ನಿಷ್ಠೆಯನ್ನು ಹೊಗಳುವ ನಾವು ಅವಳ ನಿರ್ಗಮನವನ್ನು ಮುಚ್ಚಿಡಬಾರದು. ಪರದೇಶದಲ್ಲಿರುವ ಗಂಡಂದಿರು ಕೈಬಿಟ್ಟ ಹೆಂಗಸರ ದೂರುಗಳನ್ನು ಕೇಳಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ೨೦೦೯ರಿಂದ ಒಂದು ಪ್ರತ್ಯೇಕ ವಿಭಾಗವುಂಟು. ಅಲ್ಲಿಗೆ ಹೋಗುವುದು ಮನೆತನಕ್ಕೆ ಕುಂದಲ್ಲ.

ಮಗಳಿಗೆ ಹೇಳಿದುದು

ಅವಳ ಗಂಡನು ಅರ್ಜಿಯ ಪ್ರತಿಯನ್ನು ಕಳುಹಿಸಿದ್ದನು, ದಿನವೂ ಮಾತನಾಡುತ್ತಿದ್ದನು. ಆದುದರಿಂದ ಅವಳದು ಕಾಗದದ ಕಾಯುವಿಕೆ. ನಾವು ಹೇಳಿದೆವು: “ತಾಯಿ, ನೀನು ಎಲ್ಲಿಯವಳೆಂದು ಕೇಳಿದೆ. ನಿನ್ನ ಎದೆಯ ಮೇಲಿನ ಇಷ್ಟಲಿಂಗವು ಸಾಗರದಲ್ಲಿ ಒಂದು, ಸಮುದ್ರದಾಚೆ ಇನ್ನೊಂದು ಆಗುವುದಿಲ್ಲ. ಅದನ್ನು ಧರಿಸಿ ನಿಂತ ನೆಲವೆಲ್ಲ ನಿನ್ನದೇ. ಈ ದಿನಗಳು ಯಾವ ಲೆಕ್ಕಕ್ಕೆ ಎಂದು ಕೇಳಿದೆ. ಅವು ವೀಸಾದ ಲೆಕ್ಕದವಲ್ಲ, ನಿನ್ನ ಆಯುಷ್ಯದ ಲೆಕ್ಕದವು. ಆದುದರಿಂದ ಒಂದನ್ನೂ ಬರಿದು ಮಾಡಬೇಡ.” ಅವಳ ಅತ್ತೆಯವರಿಗೂ ಒಂದು ಮಾತು ಹೇಳಿ ಕಳುಹಿಸಿದೆವು: ಸೊಸೆಯನ್ನು ಹೋಗುವವಳೆನ್ನದೆ, ಇರುವವಳೆಂದೇ ಕಾಣಿರಿ. ಅವಳು ಈಗ ಬಿಟ್ಟಿದ್ದ ಓದನ್ನು ಮತ್ತೆ ಹಿಡಿದಿದ್ದಾಳೆ. ಸರದಿ ಇನ್ನೂ ಬಂದಿಲ್ಲ.

ಮನನಕ್ಕೆ

೧. ನಮ್ಮ ಮನೆಯಲ್ಲಿ ಕಾಯುತ್ತಿರುವವರನ್ನು ನಾವು ಇರುವವರಂತೆ ಕಾಣುತ್ತೇವೆಯೋ, ಹೋಗುವವರಂತೆ ಕಾಣುತ್ತೇವೆಯೋ?

೨. ಸತಿಪತಿ ಭಾವದ ನಿಷ್ಠೆಯನ್ನು ಹೆಣ್ಣಿನಿಂದ ಕೇಳುವಷ್ಟೇ ಗಂಡಿನಿಂದಲೂ ಕೇಳುತ್ತೇವೆಯೆ?

೩. ನಮ್ಮ ಊರಿನ ಮದುವೆಗಳಲ್ಲಿ ನೋಂದಣಿಯಾಗದೆ ಉಳಿದವು ಎಷ್ಟು?

ಹಿನ್ನೀರಿನ ಜನರು ಸೇತುವೆಗಾಗಿ ಆರು ದಶಕ ಕಾದರು. ಕಾಯುವಾಗ ಬಿತ್ತಿದರು, ಬೆಳೆದರು, ಮಕ್ಕಳನ್ನು ಓದಿಸಿದರು. ದಾಟುವ ದಿನ ಬಂದಾಗ ದಾಟಿದವರು ಬದುಕಿ ಉಳಿದವರೇ ಹೊರತು ದಡದಲ್ಲಿ ಬತ್ತಿ ಹೋದವರಲ್ಲ. ಕಾಯುತ್ತಿರುವ ಎಲ್ಲರನ್ನೂ ಶಿವನು ಕಾಯಲಿ.